ಮುಖ ಸ್ಯಾಕ್ಸನಿಯದು, ಲಾಭ ಪ್ರಷ್ಯಾದ್ದು: ಲೈಪ್ಜಿಗ್‌ನ ಎಂಟು ಗ್ರೋಶನ್

ಎಂಟು ಗ್ರೋಶನ್ ಬೆಲೆಯ ಈ ಬೆಳ್ಳಿ ನಾಣ್ಯದ ಮೇಲಿರುವುದು ಜರ್ಮನ್ ನಾಡಾದ ಸ್ಯಾಕ್ಸನಿಯ ದೊರೆ ಮೂರನೇ ಅಗಸ್ಟಸ್‌ನ ಮುಖ, ಇಸವಿ 1753. ಇಸವಿ ಸುಳ್ಳು, ಮುಖ ಎರವಲು. ಅದು ಅಚ್ಚಾದದ್ದು ಏಳು ವರ್ಷಗಳ ಯುದ್ಧದ ನಡುವೆ, ನೆರೆಯ ಪ್ರಷ್ಯಾದ ಸೇನೆ ಹಿಡಿದಿದ್ದ ಸ್ಯಾಕ್ಸನಿಯ ಊರು ಲೈಪ್ಜಿಗ್‌ನಲ್ಲಿ. ಆಗ ಅಗಸ್ಟಸ್ ಇದ್ದದ್ದು ವಾರ್ಸಾದಲ್ಲಿ.

1756ರ ಆಗಸ್ಟ್ 29ರಂದು ಪ್ರಷ್ಯಾದ ದೊರೆ ಎರಡನೇ ಫ್ರೆಡರಿಕ್ ಸ್ಯಾಕ್ಸನಿಗೆ ನುಗ್ಗಿದ. ಅಕ್ಟೋಬರ್‌ನಲ್ಲಿ ಪಿರ್ನಾ ಬಳಿ ಸ್ಯಾಕ್ಸನ್ ಸೇನೆ ಶರಣಾಯಿತು. ಲೈಪ್ಜಿಗ್ ಟಂಕಸಾಲೆ ಅಚ್ಚುಗಳ ಸಮೇತ ಅವನ ಕೈಸೇರಿತು. ಅಗಸ್ಟಸ್ ಪೋಲೆಂಡಿಗೂ ರಾಜ. ಆ ದೇಶಕ್ಕೆ ಬೇಕಾದ ನಾಣ್ಯವೂ ಸ್ಯಾಕ್ಸನಿಯಿಂದಲೇ ಹೋಗುತ್ತಿತ್ತು. ಹಾಗಾಗಿ ಅಚ್ಚು ಹಿಡಿದವನಿಗೆ ಯುದ್ಧಕ್ಕೇ ಇಳಿಯದ ಪೋಲೆಂಡಿನ ಸಂತೆಯಲ್ಲೂ ಧಾನ್ಯ, ಕುದುರೆ ಕೊಳ್ಳಲು ದಾರಿಯಾಯಿತು. ಫ್ರೆಡರಿಕ್ ಟಂಕಸಾಲೆಯನ್ನು ಬರ್ಲಿನ್ನಿನ ವರ್ತಕರಾದ ವೈಟೆಲ್ ಹೈನೆ ಎಫ್ರಾಯಿಮ್, ಡೇನಿಯಲ್ ಇಟ್ಜಿಗ್ ಮತ್ತು ಅವರ ಪಾಲುದಾರರಿಗೆ ಗುತ್ತಿಗೆ ಕೊಟ್ಟ.

ಲೆಕ್ಕ ಹೀಗೆ. ಬೆಳ್ಳಿ ತೂಗುವ ಕಲೋನ್ ಮಾರ್ಕ್ ಎಂಬ ತೂಕ ಎಂದರೆ ಸುಮಾರು 233.9 ಗ್ರಾಂ. 1750ರ ಪ್ರಷ್ಯನ್ ನಿಯಮದಂತೆ ಒಂದು ಮಾರ್ಕ್ ಚೊಕ್ಕ ಬೆಳ್ಳಿಯಿಂದ 14 ಥಾಲರ್ ನಾಣ್ಯ ತೆಗೆಯಬೇಕು. ಥಾಲರ್‌ಗೆ 24 ಗ್ರೋಶನ್. ಅಂದರೆ ಎಂಟು ಗ್ರೋಶನ್‌ನಲ್ಲಿ 5.57 ಗ್ರಾಂ ಬೆಳ್ಳಿ ಇರಬೇಕು. ಯುದ್ಧ ಎಳೆದಂತೆಲ್ಲ ಅದೇ ಮಾರ್ಕ್‌ನಿಂದ 20ರ ಹತ್ತಿರ, ಆಮೇಲೆ 30, ಕೊನೆಗೆ 40 ಥಾಲರ್ ತೆಗೆದರು. 40ರ ಲೆಕ್ಕದಲ್ಲಿ ಉಳಿಯುವುದು 1.95 ಗ್ರಾಂ. ಮಿಕ್ಕದ್ದು ತಾಮ್ರ.

ಇಷ್ಟು ತಾಮ್ರ ಬೆರೆತರೆ ಬಿಲ್ಲೆ ಕೆಂಪಗೆ ಕಾಣಬೇಕಲ್ಲ? ಹೊಸದರಲ್ಲಿ ಕಾಣುವುದಿಲ್ಲ. ಬಿಲ್ಲೆಯನ್ನು ಕಾಯಿಸಿದಾಗ ಮೇಲ್ಮೈಯ ತಾಮ್ರ ಗಾಳಿಯೊಡನೆ ಸೇರಿ ಕಪ್ಪಾಗುತ್ತದೆ. ದ್ರಾಕ್ಷಾರಸದ ಪೀಪಾಯಿಯಲ್ಲಿ ಗಟ್ಟಿಕಟ್ಟುವ ಹುಳಿ ಉಪ್ಪನ್ನೂ ಅಡುಗೆ ಉಪ್ಪನ್ನೂ ಹಾಕಿ ಕುದಿಸಿದರೆ ಆ ಕಪ್ಪು ಕರಗಿ ಹೋಗುತ್ತದೆ, ತೆಳ್ಳಗಿನ ಬೆಳ್ಳಿ ಪೊರೆ ಉಳಿಯುತ್ತದೆ. (ತಾಮ್ರದ ಬಿಂದಿಗೆಗೆ ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜುವವರಿಗೆ ಈ ಗುಟ್ಟು ಹೊಸದಲ್ಲ.) ಆಮೇಲೆ ಅಚ್ಚೊತ್ತು. ಕೈಯಿಂದ ಕೈಗೆ ತಿರುಗಿ ಸವೆದಾಗ ಉಬ್ಬಿದ ಭಾಗಗಳು ಮೊದಲು ಕೆಂಪಾಗುತ್ತವೆ: ರಾಜನ ಕೆನ್ನೆ, ಭುಜ, ಕಿರೀಟದ ತುದಿ. ಹೊಸ ನಾಣ್ಯವನ್ನು ಒರೆಗಲ್ಲಿಗೆ ಹಗುರವಾಗಿ ತಿಕ್ಕಿದರೂ ಮೋಸ ಹೋಗಬಹುದು, ಕಲ್ಲಿಗೆ ಹತ್ತುವುದು ಪೊರೆಯೇ. ಅಂಚನ್ನು ಸ್ವಲ್ಪ ಅರದಿಂದ ಉಜ್ಜಿಯೇ ನೋಡಬೇಕು.

ಸಂಗ್ರಾಹಕರು ಈ ನಾಣ್ಯವನ್ನು ಇಂದಿಗೂ ‘ಎಫ್ರಾಯಿಮೈಟ್’ ಎನ್ನುತ್ತಾರೆ. ಫ್ರೆಡರಿಕ್‌ನ ಮುಖವಿದ್ದ ಬೆರಕೆ ನಾಣ್ಯ ನೋಡಿ, ಹೊರಗೆ ಫ್ರೆಡರಿಕ್, ಒಳಗೆ ಎಫ್ರಾಯಿಮ್ ಎಂದು ಜನ ಲಾವಣಿ ಕಟ್ಟಿದ್ದರು. ಅದು ಅನ್ಯಾಯವೇ. ಬೆರಕೆಗೆ ಅಪ್ಪಣೆ ರಾಜನದು, ಗುತ್ತಿಗೆ ಹಣದ ರಾಶಿ ಸೇರಿದ್ದು ಅವನ ಯುದ್ಧದ ಖಜಾನೆಗೆ. ಹೆಸರು ಮಾತ್ರ ಯಹೂದಿ ಗುತ್ತಿಗೆದಾರನಿಗೆ ಅಂಟಿತು.

1763ರ ಫೆಬ್ರವರಿಯಲ್ಲಿ ಯುದ್ಧ ಮುಗಿಸಿದ ಹುಬರ್ಟುಸ್‌ಬುರ್ಗ್ ಒಪ್ಪಂದವಾದ ಮೇಲೆ ಬೆರಕೆ ನಾಣ್ಯ ಕರಗಿಸುವ ಕುಲುಮೆಗೆ ಬಂತು. ಕರಗಿಸಿ ಬೆಳ್ಳಿ ತೆಗೆಯಲೆಂದು ಅದನ್ನು ಕೊಂಡಿದ್ದ ಆಮ್‌ಸ್ಟರ್‌ಡಾಂನ ಡಿ ನ್ಯೂವಿಲ್ ಸಾಹುಕಾರಿ ಮನೆ ಅದೇ ಬೇಸಿಗೆಯಲ್ಲಿ ದಿವಾಳಿಯಾಯಿತು. ಪೆಟ್ಟು ಹ್ಯಾಂಬರ್ಗ್, ಬರ್ಲಿನ್‌ಗಳಿಗೂ ತಟ್ಟಿತು. 1764ರಲ್ಲಿ ಪ್ರಷ್ಯಾ ಮತ್ತೆ 14 ಥಾಲರ್ ಲೆಕ್ಕಕ್ಕೆ ಮರಳಿತು. ಪೋಲೆಂಡಿಗೆ ವಾರ್ಸಾದಲ್ಲಿ ಸ್ವಂತ ಟಂಕಸಾಲೆ ಬಂದದ್ದು 1766ರಲ್ಲಿ.