ಅಪೀಲ್ ಬಿಟ್ಟುಬಿಟ್ರೆ ಕೇಸ್ ಮುಗೀತಾ?

ಪ್ರಶ್ನೆ: ಸರ್, ನನ್ ತಮ್ಮಂಗೆ ಸೆಷನ್ಸ್ ಕೋರ್ಟಲ್ಲಿ ಮೂರು ವರ್ಷ ಶಿಕ್ಷೆ ಆಯ್ತು, ಹೈಕೋರ್ಟಿಗೆ ಅಪೀಲ್ ಹಾಕಿ ಬೇಲ್ ಮೇಲೆ ಹೊರಗಿದಾನೆ. ಲಾಯರ್ ಫೀಸ್ ಕೊಟ್ಟು ಸಾಕಾಗಿದೆ. ಅಪೀಲ್ ಬಿಟ್ಟುಬಿಟ್ರೆ ಏನಾಗುತ್ತೆ?

ಉತ್ತರ: ಬಿಡೋದು ಅಂದ್ರೆ ಮೆಮೊ (ಕೋರ್ಟಿಗೆ ಕೊಡೋ ಚಿಕ್ಕ ಅರ್ಜಿ) ಹಾಕಿ ವಾಪಸ್ ತಗೊಳ್ಳೋದಾ, ಇಲ್ಲಾ ಡೇಟಿಗೆ ಹೋಗ್ದೆ ಸುಮ್ನಿದ್ದುಬಿಡೋದಾ? ಎರಡನೇದಂತೂ ಮಾಡ್ಲೇಬೇಡಿ. ಸಿವಿಲ್ ಕೇಸಲ್ಲಿ ಆಗೋ ಹಂಗೆ ಯಾರೂ ಬರ್ಲಿಲ್ಲ ಅಂತ ಅಡ್ಮಿಟ್ ಆಗಿರೋ (ಕೋರ್ಟ್ ವಿಚಾರಣೆಗೆ ತಗೊಂಡಿರೋ) ಕ್ರಿಮಿನಲ್ ಅಪೀಲನ್ನ ವಜಾ ಮಾಡೋ ಹಂಗಿಲ್ಲ, 1996ರ ಬಾನಿ ಸಿಂಗ್ ಕೇಸಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ರೆಕಾರ್ಡ್ ಓದಿ ತೀರ್ಪು ಕೊಡ್ಬೇಕು ಅಂತ. ಅಂದ್ರೆ ನಿಮ್ ಪರ ಮಾತಾಡೋರೇ ಇಲ್ದೆ ತೀರ್ಪು ಬರಬೋದು. ನಮ್ ಕರ್ನಾಟಕದ್ದೇ ಕೆ.ಎಸ್. ಪಾಂಡುರಂಗ ಕೇಸಲ್ಲಿ (2013) ಲಾಯರ್ ಇಲ್ದೇನೇ ಹೈಕೋರ್ಟ್ ತೀರ್ಪು ಕೊಟ್ಟಿತ್ತು, ಸುಪ್ರೀಂ ಕೋರ್ಟ್ ಅದು ತಪ್ಪಲ್ಲ ಅಂತು. ಮಧ್ಯದಲ್ಲಿ ವಾರಂಟ್ ಆದ್ರೆ ಜಾಮೀನು ಕೊಟ್ಟಿರೋ ಪಾಪದ ಮನುಷ್ಯನೂ ಕೋರ್ಟಿಗೆ ಅಲೀಬೇಕು.

ಇನ್ನು ವಾಪಸ್ ತಗೊಳ್ಳೋ ವಿಷ್ಯ. ಶಿಕ್ಷೆ ಆದವನು ಅಪೀಲ್ ಹಿಂದಕ್ಕೆ ತಗೋಬೋದು ಅಂತ ಹಳೇ ಸಿಆರ್‌ಪಿಸಿ ಬದಲು ಬಂದಿರೋ ಕ್ರಿಮಿನಲ್ ವಿಚಾರಣೆ ಕಾನೂನಾದ ಬಿಎನ್‌ಎಸ್‌ಎಸ್‌ನಲ್ಲಿ ನೇರವಾದ ಸೆಕ್ಷನ್ ಇಲ್ಲ, ಲಾಯರ್ ಮೆಮೊ ಹಾಕ್ತಾರೆ, ಒಪ್ಪೋದು ಬಿಡೋದು ಕೋರ್ಟಿಗೆ ಬಿಟ್ಟಿದ್ದು. ಒಪ್ತು ಅನ್ಕೊಳ್ಳಿ, ಕೆಳಗಿನ ಕೋರ್ಟ್ ತೀರ್ಪು ಹಂಗೇ ನಿಲ್ಲುತ್ತೆ, ಸೆಕ್ಷನ್ 430ರಲ್ಲಿ (ಹಳೇ 389) ತಡೆ ಹಿಡಿದಿದ್ದ ಶಿಕ್ಷೆ ಮತ್ತೆ ಶುರು, ತಮ್ಮ ಸರೆಂಡರ್ ಆಗ್ಬೇಕು. ವಿಚಾರಣೆ ಟೈಮಲ್ಲಿ ಒಳಗಿದ್ದ ದಿನಗಳನ್ನ ಕಳೀತಾರೆ, ಆದ್ರೆ ಬೇಲ್ ಮೇಲೆ ಹೊರಗಿದ್ದ ವರ್ಷಗಳು ಲೆಕ್ಕಕ್ಕಿಲ್ಲ! ಇದನ್ನ ಸುಮಾರು ಜನ ಮರೀತಾರೆ. ಶಿಕ್ಷೆ ಪೂರ್ತಿ ಮುಗ್ಸಿ ಬಂದವರಿಗಾದ್ರೆ ವಾಪಸ್ ತಗೊಳ್ಳೋದಕ್ಕೆ ಒಂದರ್ಥ ಇದೆ, ಆದ್ರೆ ಅಪರಾಧಿ ಅನ್ನೋ ಹಣೆಪಟ್ಟಿ ಹೋಗಲ್ಲ, ಸರ್ಕಾರಿ ಕೆಲ್ಸ, ಪಾಸ್‌ಪೋರ್ಟ್ ಅಂತ ಹೋದಾಗ ಕಾಡುತ್ತೆ.

"ಅಪೀಲ್ ಮುಂದುವರ್ಸಿದ್ರೆ ಶಿಕ್ಷೆ ಜಾಸ್ತಿ ಮಾಡ್ತಾರಂತೆ" ಅಂತ ಯಾರಾದ್ರೂ ಹೆದರ್ಸಿದ್ರೆ ನಂಬ್ಬೇಡಿ. ನೀವು ಮಾತ್ರ ಹಾಕಿರೋ ಅಪೀಲಲ್ಲಿ ಹಂಗೆ ಮಾಡೋ ಹಂಗಿಲ್ಲ, 2025ರಲ್ಲಿ ನಾಗರಾಜನ್ ಕೇಸಲ್ಲೂ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ಸರ್ಕಾರನೂ ಅಪೀಲ್ ಹಾಕಿದ್ರೆ ಕಥೆ ಬೇರೆ, ಆಗ ನಿಮ್ದು ವಾಪಸ್ ತಗೊಂಡ್ರೂ ಅವರ್ದು ನಡೀತಾನೇ ಇರುತ್ತೆ.

ನನ್ನ ಕೇಳಿದ್ರೆ ವಾಪಸ್‌ಗಿಂತ ಇನ್ನೊಂದು ದಾರಿ ನೋಡಿ, ತಪ್ಪು ಮಾಡಿಲ್ಲ ಅನ್ನೋ ವಾದ ಬಿಟ್ಟು ಶಿಕ್ಷೆ ಪ್ರಮಾಣದ ಮೇಲೆ ಮಾತ್ರ ವಾದ ಮಾಡೋದು. ವಯಸ್ಸು, ಮೊದಲ್ನೇ ಕೇಸು, ಎಷ್ಟು ವರ್ಷ ಎಳೆದಿದೆ, ಒಳಗೆ ಎಷ್ಟು ದಿನ ಇದ್ದ, ಇದನ್ನೆಲ್ಲ ನೋಡಿ ಜಡ್ಜ್ ಕಮ್ಮಿ ಮಾಡಿರೋದು ಬೇಕಾದಷ್ಟಿದೆ. ಎದುರು ಪಾರ್ಟಿ ಜೊತೆ ರಾಜಿ ಆಗೋ ಅಂಥ ಕೇಸಾದ್ರೆ (ಚೆಕ್ ಬೌನ್ಸ್ ಥರ) ಅಪೀಲ್ ಹಂತದಲ್ಲೂ ಕೋರ್ಟ್ ಅನುಮತಿ ತಗೊಂಡು ಮುಗಿಸ್ಬೋದು.

ಫೀಸಿಂದೇ ಸಮಸ್ಯೆ ಅಂದ್ರೆ ಹೈಕೋರ್ಟ್ ಕಾನೂನು ಸೇವಾ ಸಮಿತಿಗೆ ಅರ್ಜಿ ಹಾಕಿ, ಆದಾಯ ಮಿತಿ ಒಳಗಿದ್ರೆ ಫ್ರೀಯಾಗಿ ಲಾಯರ್ ಕೊಡ್ತಾರೆ, ಎಸ್‌ಸಿ ಎಸ್‌ಟಿ ಆಗಿದ್ರೆ ಅಥವಾ ಜೈಲಲ್ಲಿದ್ರೆ ಆದಾಯನೂ ಕೇಳಲ್ಲ. ಮೆಮೊಗೆ ಸೈನ್ ಹಾಕೋಕೆ ಮುಂಚೆ ಅಲ್ಲಿಗೊಂದ್ಸಲ ಹೋಗ್ಬನ್ನಿ.