ಅಪ್ಪನ ಫೋಟೋಗೆ ಗಂಧ ಇಡುವ ಮೊದಲು

ಎರಡು ಮೂರು ವರ್ಷ ಹಾಸಿಗೆ ಹಿಡಿದು ಹೋದವರ ಮನೆಯಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: ‘ಕಣ್ಣು ಮುಚ್ಚಿದರೆ ಆಸ್ಪತ್ರೆಯ ಅಪ್ಪನೇ ಕಾಣುತ್ತಾರೆ.’ ಬತ್ತಿದ ಕೆನ್ನೆ, ಮೂಗಿನಲ್ಲಿ ನಳಿಕೆ. ಅದಕ್ಕೂ ಮುಂಚಿನ ಐವತ್ತು ಅರವತ್ತು ವರ್ಷದ ಅಪ್ಪ ಆ ಮುಖದ ಹಿಂದೆ ಮರೆಯಾಗಿರುತ್ತಾರೆ. ಕಾಲ ಕಳೆದಂತೆ ಅವರು ಮರಳಿ ಬರುತ್ತಾರೆ, ನಿಜ. ಆದರೆ ಅವರನ್ನು ಕರೆತರುವ ದನಿ, ಚಿತ್ರ, ಕೈಬರಹ ಅಷ್ಟು ದಿನ ಕಾಯುವುದಿಲ್ಲ. ಹಳೆಯ ಫೋಟೋ, ಕಾಗದಗಳ ಸಂರಕ್ಷಣೆಯ ಕೆಲಸ ಮಾಡುವವರ ಬಳಿ ಮನೆಯವರು ಬರುವ ಹೊತ್ತಿಗೆ ಅರ್ಧ ಹಾಳಾಗಿರುತ್ತದೆ. ಹಾಗಾಗಿ ಯಾವುದು ಮೊದಲು ಎಂಬುದು ಮುಖ್ಯ.

ಮೊದಲು ದನಿ. ಕರ್ಮಾಂತರ ಮುಗಿಯುತ್ತಿದ್ದಂತೆ ಅಪ್ಪನ ಮೊಬೈಲು ರೀಸೆಟ್ ಆಗಿ ಮೊಮ್ಮಗನ ಕೈಗೆ ಹೋಗುವುದು ಬಹಳ ಮನೆಗಳಲ್ಲಿದೆ. ದಯವಿಟ್ಟು ಬೇಡ. 90 ದಿನ ಬಳಸದೆ ಬಿಟ್ಟ ಪ್ರೀಪೇಯ್ಡ್ ಸಿಮ್ಮನ್ನು ಕಂಪನಿ ನಿಲ್ಲಿಸಬಹುದು, ಆಮೇಲೆ ಆ ನಂಬರು ಬೇರೆಯವರ ಪಾಲಾಗುತ್ತದೆ. 120 ದಿನ ತೆರೆಯದ ವಾಟ್ಸಾಪ್ ಖಾತೆ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ಎರಡು ವರ್ಷ ಮುಟ್ಟದ ಗೂಗಲ್ ಖಾತೆಯನ್ನು, ಅದರೊಳಗಿನ ಫೋಟೋಗಳ ಸಮೇತ, ಗೂಗಲ್ ತೆಗೆದುಹಾಕಬಹುದು. ಸಿಮ್ಮಿಗೆ ರೀಚಾರ್ಜ್ ಮಾಡಿಸುತ್ತಿರಿ. ವಾಟ್ಸಾಪಿನಲ್ಲಿ ಒಂದೊಂದೇ ಚಾಟ್ ತೆರೆದು, ‘ಎಕ್ಸ್‌ಪೋರ್ಟ್ ಚಾಟ್’ ಒತ್ತಿ, ಮೀಡಿಯಾ ಸಮೇತ ಉಳಿಸಿಕೊಳ್ಳಿ. ಅಪ್ಪ ಕಳಿಸಿದ ವಾಯ್ಸ್ ಮೆಸೇಜುಗಳು ಅತ್ತೆ, ಚಿಕ್ಕಪ್ಪ, ಹಳೆಯ ಸಹೋದ್ಯೋಗಿಗಳ ಫೋನಿನಲ್ಲೂ ಇರುತ್ತವೆ. ಅವರು ಜಾಗ ಖಾಲಿ ಮಾಡಲು ಅಳಿಸುವ ಮೊದಲೇ ಕೇಳಿ. ‘ಊಟ ಆಯ್ತಾ? ಬರ್ತಾ ಸೊಪ್ಪು ತಗೊಂಡ್ ಬಾ’ ಎನ್ನುವ ಹತ್ತು ಸೆಕೆಂಡು ಸಾಕು, ಕಾಯಿಲೆಯ ಕ್ಷೀಣ ದನಿಯನ್ನು ಅದು ಹಿಂದಕ್ಕೆ ಸರಿಸುತ್ತದೆ.

ಕ್ಯಾಸೆಟ್ ಸಿಕ್ಕರೆ ಪ್ಲೇಯರಿಗೆ ಹಾಕುವ ಮುನ್ನ ಎರಡು ಕೆಲಸ. ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿಯಿರಿ, ಆಗ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಪ್ಪನ ದನಿಯ ಮೇಲೆ ಮತ್ತೊಂದು ಕೂರುವುದಿಲ್ಲ. ಟೇಪಿನ ಸುರುಳಿಯಲ್ಲಿ ಬಿಳಿ ಬೂಷ್ಟು ಕಂಡರೆ ನುಡಿಸಲೇಬೇಡಿ, ತಿಳಿದವರಿಗೆ ಕೊಡಿ. ಚೆನ್ನಾಗಿದ್ದರೆ ಹೆಡ್‌ಫೋನ್ ಕಿಂಡಿಯಿಂದ ಕಂಪ್ಯೂಟರಿಗೆ ಕೇಬಲ್ ಎಳೆದು, ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ವೇವ್ ಕಡತವಾಗಿ ಇಳಿಸಿಕೊಳ್ಳಿ. ನಿಮಿಷಕ್ಕೆ ಸುಮಾರು 10 ಎಂಬಿ, ಒಂದು ಗಂಟೆಯ ಕ್ಯಾಸೆಟ್ಟಿಗೆ 600 ಎಂಬಿ ಜಾಗ ಬೇಕು.

ಇನ್ನು ಗೋಡೆಯ ಫೋಟೋ. ಅವಸರದಲ್ಲಿ ಕೈಗೆ ಸಿಗುವುದು ಕೊನೆಯ ವರ್ಷದ ಚಿತ್ರ, ಇಲ್ಲವೇ ಆಧಾರ್ ಕಾರ್ಡಿನದು. ಮುಂದಿನ ಮೂವತ್ತು ವರ್ಷ ಮನೆಮಂದಿ ನೋಡುವ ಮುಖ ಅದು. ಕಾಯಿಲೆಗೆ ಮುಂಚಿನದನ್ನೇ ಹುಡುಕಿ, ಮದುವೆಯ ಗುಂಪುಚಿತ್ರವಾದರೂ ಸರಿ. ಅಚ್ಚಾದ ಫೋಟೋ ಆದರೆ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿಸಿ, ಪಾಸ್‌ಪೋರ್ಟ್ ಸೈಜಿನದಾದರೆ 1200. ಫೋನಿನಲ್ಲಿ ಫೋಟೋದ ಫೋಟೋ ತೆಗೆದರೆ ಮೇಲ್ಮೈಯ ಹೊಳಪೂ ಅಂಚಿನ ವಕ್ರವೂ ಸೇರಿಕೊಳ್ಳುತ್ತವೆ. ಯಾರದೋ ಮೊಬೈಲಿನಿಂದ ತರಿಸುವುದಾದರೆ ‘ಡಾಕ್ಯುಮೆಂಟ್’ ಎಂದೇ ಕಳಿಸಲು ಹೇಳಿ. ವಾಟ್ಸಾಪಿನಲ್ಲಿ ಸಾಮಾನ್ಯವಾಗಿ ಕಳಿಸಿದ ಚಿತ್ರದ ಉದ್ದಂಚು ಸುಮಾರು 1600 ಪಿಕ್ಸೆಲಿಗೆ ಇಳಿದಿರುತ್ತದೆ. ಅದು ಎಂಟು ಇಂಚಿಗೆ ಸಾಕು, ಹದಿನೆಂಟು ಇಂಚಿಗೆ ಹಿಗ್ಗಿಸಿದರೆ ಕಣ್ಣುಗಳೇ ಕಲಸಿಹೋಗುತ್ತವೆ.

ಪೂಜೆಗೆ ಇಡುವುದು ನಕಲು, ಬೀರುವಿನಲ್ಲಿ ಇರುವುದು ಮೂಲ. ಇದರಲ್ಲಿ ಮಾತ್ರ ರಾಜಿ ಬೇಡ. ಗಂಧದ ತೇವ, ಹಾರದ ನೀರು ಚೌಕಟ್ಟಿನ ಸಂದಿಯಲ್ಲಿ ಒಳಗಿಳಿಯುತ್ತವೆ. ಫೋಟೋ ಗಾಜಿಗೆ ತಾಗಿಕೊಂಡಿದ್ದರೆ ಮಲೆನಾಡಿನ ಒಂದೆರಡು ಮಳೆಗಾಲದಲ್ಲಿ ಅದರ ಮೇಲ್ಪದರ ಮೆತ್ತಗಾಗಿ ಗಾಜಿಗೇ ಅಂಟುತ್ತದೆ. ಅದನ್ನು ಎಳೆದು ಬಿಡಿಸಲು ಹೋದವರ ಕೈಗೆ ಬಿಳಿ ಕಾಗದ ಬರುತ್ತದೆ, ಮುಖ ಗಾಜಿನಲ್ಲೇ ಉಳಿಯುತ್ತದೆ. ಅಂಟಿದ್ದರೆ ಬಿಡಿಸಬೇಡಿ, ಗಾಜಿನ ಹೊರಮೈ ಒರೆಸಿ ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ಹೊಸ ಚೌಕಟ್ಟು ಮಾಡಿಸುವಾಗ ಫೋಟೋಗೂ ಗಾಜಿಗೂ ನಡುವೆ ದಪ್ಪ ರಟ್ಟಿನ ಅಂಚು ಹಾಕಿಸಿ, ಎರಡು ಮೂರು ಮಿಲಿಮೀಟರ್ ಅಂತರ ಸಿಗಲಿ. ಲ್ಯಾಮಿನೇಷನ್ ಬೇಡ: ಬಿಸಿಗೆ ಕರಗಿ ಹಿಡಿದ ಅಂಟನ್ನು ಬಿಡಿಸಲು ದಾರಿಯಿಲ್ಲ. ಹಗಲಿರುಳು ಉರಿಯುವ ಪುಟ್ಟ ಬಲ್ಬಿನ ಬೆಳಕಿಗೂ ಬಣ್ಣದ ಫೋಟೋ ಮಾಸುತ್ತದೆ. ನಕಲಾದರೆ ಚಿಂತೆಯಿಲ್ಲ, ಮತ್ತೆ ಅಚ್ಚು ಹಾಕಿಸಬಹುದು.

ಅಂಟಂಟು ಹಾಳೆಯ ಹಳೆಯ ಆಲ್ಬಮ್ಮಿನಿಂದ ಫೋಟೋ ಬಿಡಿಸಲು ಹಲ್ಲು ಶುಚಿಗೊಳಿಸುವ ದಾರವನ್ನು ಮೂಲೆಯಿಂದ ತೂರಿಸಿ, ಗರಗಸದಂತೆ ನಿಧಾನ ಅತ್ತಿತ್ತ ಎಳೆಯಿರಿ. ಉಗುರು, ಬ್ಲೇಡು ತಾಗಿಸಬೇಡಿ. ಬೆನ್ನಲ್ಲಿ ಹೆಸರು ಬರೆಯಲು ಮೆತ್ತನೆಯ 4ಬಿ ಪೆನ್ಸಿಲ್ ಬಳಸಿ. ಬಾಲ್‌ಪೆನ್ನಿನ ಒತ್ತು ಮುಂದಿನ ಮುಖದಲ್ಲಿ ಗೀರಾಗಿ ಮೂಡುತ್ತದೆ.

ಆದರೆ ಹೆಸರು ಹೇಳುವವರು ಯಾರು? ವೈಕುಂಠ ಸಮಾರಾಧನೆಯ ದಿನ ಅಪ್ಪನ ಬಾಲ್ಯ ಬಲ್ಲವರೆಲ್ಲ ಒಂದೇ ಸೂರಿನಡಿ ಕೂಡಿರುತ್ತಾರೆ. ವರ್ಷಾಬ್ದಿಕಕ್ಕೆ ಅವರಲ್ಲಿ ಎಷ್ಟು ಜನ ಬರಬಲ್ಲರೋ. ಊಟವಾದ ಮೇಲೆ ಹತ್ತು ಹದಿನೈದು ಹಳೆಯ ಫೋಟೋ ಮುಂದಿಟ್ಟು, ಕೇಳಿ ಒಪ್ಪಿಗೆ ಪಡೆದು, ಫೋನಿನ ರೆಕಾರ್ಡರ್ ಹಾಕಿ. ‘ಅಪ್ಪ ಹೇಗಿದ್ದರು?’ ಎಂದರೆ ‘ದೇವರಂಥ ಮನುಷ್ಯ’ ಎಂದು ಮುಗಿಯುತ್ತದೆ. ‘ಈ ಸೈಕಲ್ ಯಾರದು? ಎಡಗಡೆ ನಿಂತವರು ಯಾರು? ಇದು ಯಾವ ಜಾತ್ರೆ?’ ಎಂದು ಕೇಳಿ. ಸೈಕಲ್ಲಿನ ಬೆನ್ನಿಗೇ ಅಪ್ಪ ಬರುತ್ತಾರೆ, ಹದಿನೆಂಟರ ಹುಡುಗನಾಗಿ.

ಆಸ್ಪತ್ರೆಯ ಫೋಟೋಗಳನ್ನು ಸಿಟ್ಟಿನಲ್ಲಿ ಅಳಿಸಬೇಡಿ. ಬೇರೆ ಫೋಲ್ಡರಿಗೆ ಸರಿಸಿ, ಫೋನಿನ ಗ್ಯಾಲರಿಯಲ್ಲಿ ದಿನವೂ ಎದುರಾಗದಂತೆ ಮಾಡಿದರೆ ಸಾಕು. ಅಣ್ಣತಮ್ಮಂದಿರಲ್ಲಿ ಒಬ್ಬರಿಗೆ ಬೇಡವಾದದ್ದು ಇನ್ನೊಬ್ಬರಿಗೆ ಬೇಕಿರುತ್ತದೆ. ಡಿಸ್ಚಾರ್ಜ್ ಸಮ್ಮರಿ, ಬಯಾಪ್ಸಿ ವರದಿಗಳೂ ಇರಲಿ: ಮುಂದೊಂದು ದಿನ ನಿಮ್ಮನ್ನು ನೋಡುವ ವೈದ್ಯರು ಕೇಳಬಹುದು.

ಅಪ್ಪನ ಒಂದು ಅಂಗಿಯನ್ನು ವಾಸನೆಗಾಗಿ ಒಗೆಯದೆ ಇಡುತ್ತಾರೆ. ಜಿಪ್ ಇರುವ ಕವರಿನಲ್ಲಿ, ಪೂರ್ತಿ ಒಣಗಿದ ಸ್ಥಿತಿಯಲ್ಲಿ ಇಡಿ, ತೆರೆದಷ್ಟೂ ವಾಸನೆ ಕಡಿಮೆಯಾಗುತ್ತದೆ. ಬೆವರಿನ ಕಲೆ ಹಳದಿಯಾಗಿ ಬಟ್ಟೆಯನ್ನು ಕೊರೆಯುವುದರಿಂದ ಉಳಿದವನ್ನು ಒಗೆದೇ ಇಡಬೇಕು, ಗಂಜಿ ಹಾಕದೆ. ಗಂಜಿಗೆ ಬೆಳ್ಳಿಮೀನು (ಸಿಲ್ವರ್‌ಫಿಶ್) ಹುಳ ಬರುತ್ತದೆ. ಜರಿ ಪಂಚೆಯನ್ನು ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಆರು ತಿಂಗಳಿಗೊಮ್ಮೆ ಮಡಿಕೆಯ ಗೆರೆ ಬದಲಿಸಿ.