ದಾರಿ ಬದಿಯ ಎಕ್ಕ ಕುಂಡದಲ್ಲಿ ಯಾಕೆ ಸಾಯುತ್ತದೆ?

ಪ್ರಶ್ನೆ: ಚಿಟ್ಟೆ ಬರಲಿ ಅಂತ ಎರಡು ಸಲ ಎಕ್ಕದ ಗಿಡ ಕಿತ್ತು ತಂದು ಕುಂಡದಲ್ಲಿ ನೆಟ್ಟೆ. ದಿನಾ ನೀರು ಹಾಕಿದರೂ ಸತ್ತುಹೋಯಿತು. ದಾರಿ ಬದಿಯಲ್ಲಿ ಯಾರೂ ನೋಡದೆ ಬೆಳೆಯುವ ಗಿಡಕ್ಕೆ ನನ್ನ ಹತ್ತಿರ ಏನಾಗುತ್ತದೆ?

ಉತ್ತರ: ‘ಕಿತ್ತು ತಂದೆ’, ‘ದಿನಾ ನೀರು’ ಅಂದಿರಲ್ವಾ, ಎರಡೂ ಎಕ್ಕಕ್ಕೆ ಆಗಿಬರುವುದಿಲ್ಲ. ನಾನೂ ಮೊದಲ ಗಿಡವನ್ನು ಹಾಗೇ ಕೊಂದವನು.

ಎಕ್ಕದ ತಾಯಿಬೇರು ನೇರ ಆಳಕ್ಕೆ ಇಳಿಯುತ್ತದೆ. ಬಿರುಬೇಸಿಗೆಯಲ್ಲೂ ಗಿಡ ಹಸಿರಾಗಿರುವುದು ಅದರಿಂದಲೇ. ಮೊಣಕಾಲೆತ್ತರದ ಗಿಡ ಕಿತ್ತರೆ ಆ ಬೇರು ಅರ್ಧಕ್ಕೇ ತುಂಡಾಗುತ್ತದೆ. ಮೇಲಿಂದ ನೀರು ಸುರಿದಷ್ಟೂ ಗಾಯ ಕೊಳೆಯುತ್ತದೆ.

ಬೀಜದಿಂದ ಶುರು ಮಾಡಿ. ಒಣಗಿ ಬಿರಿದ ಕಾಯಿಯೊಳಗೆ ಕಂದು ಬೀಜಗಳು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ರೇಷ್ಮೆಯಂಥ ಎಳೆ ಬಿಡಿಸಿ, ಬಿಸಿಲು ಬೀಳುವ ಜಾಗದಲ್ಲಿ ಮೇಲುಮೇಲೆ ಮಣ್ಣು ಮುಚ್ಚಿ. ಕುಂಡವೇ ಆಗಬೇಕೆಂದರೆ ಆಳದ್ದಿರಲಿ, ಮರಳು ಜಾಸ್ತಿ ಇರಲಿ. ಸಸಿ ನಾಲ್ಕಾರು ಎಲೆ ಬಿಡುವವರೆಗೆ ನೀರು ಬೇಕು. ಆಮೇಲೆ ಮಣ್ಣು ಪೂರ್ತಿ ಒಣಗಿದಾಗ ಮಾತ್ರ. ಗೊಬ್ಬರದ ಗೋಜು ಬೇಡ.

ಗಿಡ ಬದುಕಿತು ಅನ್ನುವಾಗ ಎಲೆಗಳಲ್ಲಿ ತೂತು ಕಾಣುತ್ತವೆ. ಗಾಬರಿಯಾಗಿ ಔಷಧಿ ಹೊಡೆಯಬೇಡಿ. ಎಲೆ ತಿರುಗಿಸಿ ನೋಡಿ. ಕಪ್ಪು ಬಿಳಿ ಪಟ್ಟೆ, ಹಳದಿ ಚುಕ್ಕೆ, ಬೆನ್ನ ಮೇಲೆ ಮೂರು ಜೊತೆ ಕಪ್ಪು ಕೊಂಬು ಇದ್ದರೆ ಅದು ಪ್ಲೇನ್ ಟೈಗರ್ ಚಿಟ್ಟೆಯ ಹುಳು. ಅದಕ್ಕಾಗಿಯೇ ತಾನೆ ಗಿಡ ನೆಟ್ಟಿದ್ದು! ಐದು ನಿಮಿಷ ಸುಮ್ನೆ ನೋಡುತ್ತಾ ನಿಲ್ಲಿ. ಬಲಿತ ಹುಳು ಮೊದಲು ಎಲೆಯ ನರ ಕಚ್ಚುತ್ತದೆ. ಹಾಲು ಅಲ್ಲೇ ಬಸಿದುಹೋಗುತ್ತದೆ. ನಂತರ ನರದ ಆಚೆಗಿನ ಎಲೆಯನ್ನು ಆರಾಮಾಗಿ ಮೇಯುತ್ತದೆ. ಆ ಹಾಲಿನ ವಿಷ ಮೈಗೂಡಿಸಿಕೊಂಡ ಚಿಟ್ಟೆ ಹಕ್ಕಿಗಳಿಗೆ ರುಚಿಸುವುದಿಲ್ಲ. ಡನಾಯ್ಡ್ ಎಗ್‌ಫ್ಲೈ ಎಂಬ ಇನ್ನೊಂದು ಚಿಟ್ಟೆಯ ಹೆಣ್ಣು ಇದೇ ವೇಷ ಹಾಕಿಕೊಂಡು ಬಚಾವಾಗುತ್ತದೆ, ಕಿಲಾಡಿ!

ಎಲೆಯೆಲ್ಲ ಖಾಲಿಯಾದರೂ ಬೇರೂರಿದ ಗಿಡ ಮತ್ತೆ ಚಿಗುರುತ್ತದೆ. ಹಳದಿ ಸಸ್ಯಹೇನು ಮುತ್ತಿದರೆ ಹುಳು, ಮೊಟ್ಟೆ ಇಲ್ಲದ ಕಡೆ ನೀರು ಚಿಮ್ಮಿಸಿ ತೊಳೆಯಿರಿ, ಸಾಕು.

ಟೊಂಗೆ ಮುರಿಯುವಾಗ ಮಾತ್ರ ಹುಷಾರು. ಹಾಲು ಕಣ್ಣಿಗೆ ಸೋಕಿದರೆ ನೋಟ ಮಂಜಾಗುತ್ತದೆ. ಕೂಡಲೇ ನೀರಲ್ಲಿ ಚೆನ್ನಾಗಿ ತೊಳೆದು ಕಣ್ಣಿನ ಡಾಕ್ಟರಿಗೆ ತೋರಿಸಿ.

ಹಾಂ, ಎಕ್ಕದ ಹೂವಿಗೆ ಮುತ್ತುವುದು ಹೆಚ್ಚಾಗಿ ದಪ್ಪ ಕಪ್ಪು ದುಂಬಿಗಳು. ಚಿಟ್ಟೆಗೆ ಮಕರಂದ ಸಿಗಲಿ ಅಂತಿದ್ದರೆ ಪಕ್ಕದಲ್ಲಿ ಒಂದಿಷ್ಟು ತುಂಬೆ ಗಿಡ ಬಿಡಿ.